ತಿಪಟೂರಿನ ಸಮುದ್ರ ಮತ್ತು ನಯನಳ ಪ್ರಾಜೆಕ್ಟು

ತಿಪಟೂರಿಗೆ ಸಮುದ್ರ ತಂದವನು ನಾನು. ಬೇರೆಯವರು ಆ ಕೆರೆ ತುಂಬಿಸುತ್ತೇವೆ, ಈ ಕೆರೆ ತುಂಬಿಸುತ್ತೇವೆ ಎಂದು ಭಾಷಣ ಮಾಡುತ್ತಲೇ ಇದ್ದಾರೆ. ನಾನು ಅಂಗಡಿಯಲ್ಲಿ ಕೂತು, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಅರಬ್ಬೀ ಸಮುದ್ರವನ್ನು ಎಳೆದು ತಂದುಬಿಟ್ಟೆ.

ನನ್ನ ಹೆಸರು ಹಾಲಸ್ವಾಮಿ. ಬಸ್ ಸ್ಟ್ಯಾಂಡಿನ ಎದುರಿಗೆ ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಎಂದು ಮಾತ್ರ ಇದೆ, ಅದು ನನ್ನ ವಿನಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಡಿಗ್ರಿ ಮುಗಿಸಿದವರಲ್ಲಿ ಅರ್ಧ ಜನ ನಾನು ಬರೆದುಕೊಟ್ಟ ಪ್ರಾಜೆಕ್ಟ್ ಪೇಪರು ಹಿಡಿದೇ ಮುಗಿಸಿದ್ದು. ಇನ್ನರ್ಧ ಜನ ಅವರದನ್ನು ನೋಡಿ ಕಾಪಿ ಹೊಡೆದವರು. ಹೆಣ್ಣುಮಕ್ಕಳ ರಕ್ತಹೀನತೆ, ಮೊಬೈಲ್ ಚಟ, ಕುಡಿತ ಮತ್ತು ಕುಟುಂಬ, ಬೋರ್‌ವೆಲ್ ನೀರು ಮತ್ತು ಹಲ್ಲು, ಯಾವುದು ಬೇಕು ಹೇಳಿ. ಸಮಸ್ಯೆಯೆಂಬುದು ಸಮಾಜಕ್ಕೆ ಬರುವ ಮುಂಚೆ ನನ್ನ ಕಂಪ್ಯೂಟರಿಗೆ ಬಂದಿರುತ್ತದೆ. ಎಷ್ಟೋ ಸಲ ನಾನು ಬರೆದ ಮೇಲೆಯೇ ಸಮಾಜ ‘ಓ, ಹೌದಲ್ಲ’ ಎಂದು ಆ ಸಮಸ್ಯೆಯನ್ನು ಶುರು ಮಾಡಿಕೊಂಡಿದೆ.

ಹೋದ ವರ್ಷ ನನ್ನ ಅಕ್ಕನ ಮಗಳು ನಯನಳಿಗೆ ಒಂದು ಪೇಪರು ಬೇಕಾಯಿತು. ಅವಳು ಬಿಎಸ್‌ಡಬ್ಲ್ಯೂ ಓದುತ್ತಿದ್ದಾಳೆ, ಅಂದರೆ ಸಮಾಜಸೇವೆಯ ಡಿಗ್ರಿ. ಕಡಲ ತೀರದ ಮೀನುಗಾರ ಹೆಂಗಸರ ಆರೋಗ್ಯದ ಮೇಲೆ ಒಂದು ಪೇಪರು ನನ್ನ ಹತ್ತಿರ ರೆಡಿ ಇತ್ತು. ಊರಿನ ಹೆಸರು ಬಂದ ಕಡೆಯಲ್ಲೆಲ್ಲ ತಿಪಟೂರು ಎಂದು ಕೂರಿಸಿದೆ. ಸಮುದ್ರ ತೆಗೆಯಲಿಲ್ಲ. ಅಷ್ಟು ದೊಡ್ಡದನ್ನು ತೆಗೆಯಲು ಯಾರಿಗಾದರೂ ಮನಸ್ಸು ಬರುತ್ತದೆಯೆ?

ಅವರ ಲೆಕ್ಚರರ್ ವನಜಾಕ್ಷಿ ಮೇಡಂ ಅದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರಂತೆ. ‘ತಿಪಟೂರಿನ ಕಡಲ ತೀರದ ಉಪ್ಪುಗಾಳಿಗೆ ಮಹಿಳೆಯರ ಚರ್ಮ ಒಡೆಯುತ್ತದೆ’ ಎಂಬಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು, “ನಯನಾ, ಬರೋ ಭಾನುವಾರ ಎಲ್ಲರನ್ನೂ ನಿಮ್ಮ ಬೀಚಿಗೆ ಕರ್ಕೊಂಡು ಹೋಗಮ್ಮ, ಕಡ್ಲೆಪುರಿ ನಾನು ತರ್ತೀನಿ” ಎಂದರಂತೆ. ಅವತ್ತಿನಿಂದ ಕಾಲೇಜಿನಲ್ಲಿ ಅವಳ ಹೆಸರು ಬೀಚ್ ನಯನ.

ಈ ವರ್ಷ ಕೊನೆಯ ವರ್ಷ. ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ವಿಷಯ, ಕೊಬ್ಬರಿ ಒಡೆಯುವ ಮಹಿಳೆಯರ ಆರೋಗ್ಯ. ನಯನಳೇ ಹೋಗಬೇಕು, ನಯನಳೇ ಕೇಳಬೇಕು, ನಯನಳೇ ಬರೆಯಬೇಕು. ಅವರು ಕೆಲಸ ಮಾಡುವ ಜಾಗದ ಯಜಮಾನರ ಸಹಿ ಇರಬೇಕು. ಕೊನೆಗೆ ಮೇಡಂ ತಾವೇ ಬಂದು ನೋಡುತ್ತಾರೆ. ಇದರಲ್ಲಿ ಒಂದು ತಪ್ಪಿದರೂ ಪಾಸಿಲ್ಲ, ವರ್ಷ ಹೋಯಿತು. ಗೆಳತಿಯರೆಲ್ಲ ಮುಂದಿನ ಓದಿಗೆ ತುಮಕೂರಿಗೆ ಹೋಗುವಾಗ ಇವಳು ತಿಪಟೂರಿನ ಬೀಚಿನಲ್ಲಿ ಕೂತಿರಬೇಕು.

“ಮಾವ, ನೀನು ಕಂಪ್ಯೂಟರ್ ಮುಟ್ಟಂಗಿಲ್ಲ. ನನ್ನ ಜೊತೆ ಸ್ಕೂಟರ್ ಓಡಿಸ್ಕೊಂಡು ಬಾ, ಅಷ್ಟು ಸಾಕು” ಎಂದಳು.

“ನನ್ನಂಥೋನ್ನ ಡ್ರೈವರ್ ಮಾಡ್ತೀಯೇನೇ?”

“ಸಮುದ್ರ ತಂದೋನು ಹೊನ್ನವಳ್ಳಿಗೆ ಸ್ಕೂಟರ್ ತರಲ್ವಾ?”

ಮಾತಿನಲ್ಲಿ ಅವಳು ನನ್ನ ಅಕ್ಕನಿಗೇ ಅಕ್ಕ.

ಮೊದಲ ದಿನ ನನ್ನ ಸಲಹೆಯಂತೆ ತಿಪಟೂರಿನ ಪಕ್ಕದ ಕೊಬ್ಬರಿಯ ಊರು ಹೊನ್ನವಳ್ಳಿಯಲ್ಲಿ ಮನೆ ಮನೆಗೆ ಹೋದೆವು. ನಾನು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿ, ಕುತ್ತಿಗೆಗೆ ನನ್ನ ಅಂಗಡಿಯಲ್ಲೇ ಹುಟ್ಟಿದ ಐಡಿ ಕಾರ್ಡು ನೇತುಹಾಕಿಕೊಂಡಿದ್ದೆ. ನನ್ನ ತೇಜಸ್ಸಿಗೆ ನಾಯಿಗಳು ಬೊಗಳುವುದು ಬಿಟ್ಟು ಎದ್ದು ನಿಂತವು. ಅದೇ ತೊಂದರೆಯಾಗಿದ್ದು. ಕಾಯಿಲೆ ಇರುವ ಹೆಂಗಸರನ್ನು ಕೊಬ್ಬರಿ ಕೆಲಸದಿಂದ ತೆಗೆಯಲು ಆಫೀಸರು ಬಂದಿದ್ದಾನೆ ಎಂದು ಸುದ್ದಿ ಹಬ್ಬಿತು. ಆ ಬೀದಿಯಲ್ಲಿ ಒಬ್ಬರಿಗೂ ಒಂದು ಸೀನು ಕೂಡ ಬಂದ ಇತಿಹಾಸವಿಲ್ಲ. ಕೋಲೂರಿಕೊಂಡು ಬಂದ ಅಜ್ಜಿ ಕೋಲನ್ನು ಸೊಸೆಯ ಕೈಗೆ ಕೊಟ್ಟು, “ನಂಗೇನಪ್ಪ, ಕಲ್ಲಿನಂಗಿವ್ನಿ” ಎಂದಳು. ಪಕ್ಕದ ಬೀದಿಗೆ ತಿರುಗುವಷ್ಟರಲ್ಲಿ ಸುದ್ದಿ ಮಗುಚಿಕೊಂಡಿತ್ತು. ಕಾಯಿಲೆ ಇದ್ದವರಿಗೆ ಪಿಂಚಣಿಯಂತೆ! ಅಲ್ಲಿ ಶುಗರ್ರು, ಬೀಪಿ, ಮಂಡಿ, ಸೊಂಟ ಎಲ್ಲವೂ ಸಾಲಾಗಿ ಬಂದು ನಿಂತವು. ಒಬ್ಬಾಕೆ ತನ್ನ ಮೇಕೆಗೂ ಸೊಂಟ ನೋವು ಬರೆಸಿದಳು.

ನಯನ ಬರೆದಿದ್ದನ್ನೆಲ್ಲ ಹರಿದು ಬ್ಯಾಗಿಗೆ ತುಂಬಿಕೊಂಡಳು. “ಮಾವ, ಆ ಬೀದಿ ಅಮೃತ ಕುಡಿದೈತೆ, ಈ ಬೀದಿ ಆಸ್ಪತ್ರೆ ಆಗೈತೆ. ಮಧ್ಯ ಇರೋದು ಒಂದು ಚರಂಡಿ. ಮೊದ್ಲು ನಿನ್ನ ಐಡಿ ಕಾರ್ಡು ತೆಗಿ. ಅವ್ರು ಕೆಲಸ ಮಾಡೋ ಕಡೆಗೇ ಹೋಗಿ ಕೂರಬೇಕು.”

ಕೆಲಸದ ಜಾಗವೆಂದರೆ ಶ್ರೀರಂಗಯ್ಯನವರ ಕೊಬ್ಬರಿ ಕಣ. ಊರ ಹೊರಗೆ, ಅವರ ತೋಟದ ಬದಿಯಲ್ಲಿ, ಅವರ ಮನೆಯ ಹಿಂದೆಯೇ ಇದೆ. ಅವರ ಅಟ್ಟದ ಮೇಲಿರುವ ಕಾಯಿ ಕೆಳಗಿಳಿಸಿದರೆ ಭೂಮಿ ಒಂದು ಕಡೆಗೆ ವಾಲುತ್ತದೆ. ವರ್ಷವೊಪ್ಪತ್ತು ಅಟ್ಟದಲ್ಲಿ ಒಣಗಿದ ಕಾಯನ್ನು ಗಂಡಸರು ಸುಲಿದು ಹಾಕುತ್ತಾರೆ. ಹೆಂಗಸರು ಸುತ್ತ ಕೂತು, ಮಚ್ಚಿನಲ್ಲಿ ಚಿಪ್ಪನ್ನು ತಟ್ಟಿ ತಟ್ಟಿ ಬಿಡಿಸಿ, ಒಳಗಿನ ಕೊಬ್ಬರಿಯನ್ನು ಚೆಂಡಿನ ಹಾಗೆ ಇಡಿಯಾಗಿ ತೆಗೆಯುತ್ತಾರೆ. ಉಂಡೆ ಇಡಿಯಾಗಿದ್ದರೆ ಮಾರ್ಕೆಟ್ಟಿನಲ್ಲಿ ರಾಜ. ಏಟು ಒಂಚೂರು ಹೆಚ್ಚಾಗಿ ಹೋಳಾಯಿತೋ, ಬೆಲೆ ಬಿತ್ತು.

ಶ್ರೀರಂಗಯ್ಯನವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು. ಹೆಂಗಸರು ಕೊಬ್ಬರಿ ತಿನ್ನುತ್ತಾರೆ. ಬೇಕಂತಲೇ ಉಂಡೆ ಒಡೆದು, “ಕೈ ಜಾರ್ತು ಕಣ್ರೀ” ಎಂದು ಹೋಳನ್ನು ದವಡೆಗೆ ಸೇರಿಸುತ್ತಾರೆ ಎಂದು ಅವರ ದೂರು. ಅದಕ್ಕೇ ಅವರ ಕಣದಲ್ಲಿ ಒಂದು ಪದ್ಧತಿ. ಕೆಲಸ ಮಾಡುವಷ್ಟು ಹೊತ್ತೂ ಹೆಂಗಸರು ಹಾಡುತ್ತಿರಬೇಕು. ಹಾಡುವ ಬಾಯಿ ಅಗಿಯುವುದಿಲ್ಲವಲ್ಲ! ಹಾಡು ನಿಂತರೆ ಸಾಕು, ಮನೆಯ ಹಿತ್ತಲ ಜಗಲಿಯ ಮೇಲಿಂದ ಶ್ರೀರಂಗಯ್ಯನವರ ಕೆಮ್ಮು ಕೇಳುತ್ತದೆ.

ನಾವು ಹೋಗಿ ಕೇಳಿದಾಗ ಅವರು ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟರು. “ಲೇ ಹಾಲಸ್ವಾಮಿ, ಸರ್ವೇ ಗಿರ್ವೇ ಎಲ್ಲಾ ಬ್ಯಾಡ ಕಣ್ಲಾ. ಕೆಲಸ ಕೆಡ್ತದೆ.”

ನನ್ನ ಬುದ್ಧಿ ಓಡುವಾಗ ಅದರ ಗಾಳಿಗೆ ಪಕ್ಕದವರ ಪಂಚೆ ಹಾರುತ್ತದೆ. “ಶ್ರೀರಂಗಯ್ಯನೋರೆ, ಯೋಚ್ನೆ ಮಾಡಿ. ಹಾಡು ಎಷ್ಟೊತ್ತು ಹಾಡ್ತಾರೆ? ಗಂಟ್ಲು ಕಟ್ಟುತ್ತೆ. ಈ ಹುಡುಗಿ ಸಂಜೆವರ್ಗೂ ಪ್ರಶ್ನೆ ಕೇಳ್ತಾನೇ ಇರ್ತಾಳೆ. ಉತ್ತರ ಹೇಳೋ ಬಾಯಿ ಕೊಬ್ರಿ ತಿನ್ನುತ್ತಾ?”

ಶ್ರೀರಂಗಯ್ಯನವರ ಮುಖ ಮುಂಜಾನೆಯ ಸೂರ್ಯನ ಹಾಗೆ ಅರಳಿತು. “ಪ್ರಶ್ನೆ ಎಷ್ಟವ್ವೆ?” ಎಂದರು.

“ಬೇಕಾದಷ್ಟು.”

“ಇನ್ನೊಂದಷ್ಟು ಸೇರಿಸ್ಕೊಳ್ಳಿ.”

ಹೀಗೆ ನಾವು ಕಣಕ್ಕಿಳಿದೆವು. ಚಿಪ್ಪಿನ ರಾಶಿಯ ಪಕ್ಕ ಹೆಂಗಸರು ವೃತ್ತವಾಗಿ ಕೂತಿದ್ದರು. ಅವರಿಗೆಲ್ಲ ಮುಖಂಡಳು ಪುಟ್ಟಗಂಗಮ್ಮ. ಆಕೆಯ ದನಿ ಹೊನ್ನವಳ್ಳಿಯಲ್ಲಿ ಹೊರಟರೆ ನೊಣವಿನಕೆರೆಯಲ್ಲಿ ಹಸು ಕಿವಿ ನಿಮಿರಿಸುತ್ತದೆ. ಒಂದೊಂದು ಏಟಿಗೆ ಒಂದೊಂದು ಚಿಪ್ಪು ಹಾರುತ್ತಿತ್ತು, ಒಂದೊಂದು ಮಾತಿಗೆ ಒಬ್ಬೊಬ್ಬರ ಮಾನ.

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. “ತಾಯಂದಿರೆ, ನಿಮ್ಮ ಆರೋಗ್ಯದ ಸ್ಥಿತಿಗತಿಗಳ ಬಗ್ಗೆ...”

“ಯಾರ್ಲಾ ಇವ್ನು, ಓಟು ಕೇಳಕ್ಕೆ ಬಂದವ್ನಾ?” ಎಂದಳು ಪುಟ್ಟಗಂಗಮ್ಮ.

“ಜೆರಾಕ್ಸ್ ಅಂಗ್ಡಿ ಹಾಲಸ್ವಾಮಿ ಕಣಮ್ಮ.”

“ಓ, ಜೆರಾಕ್ಸಣ್ಣನಾ! ನಮ್ದೆಲ್ಲ ಒರಿಜಿನಲ್ಲು ಕಣಪ್ಪ. ನೀನು ಅತ್ಲಾಗೆ ನೆರಳಾಗೆ ಕೂತ್ಕೋ. ಬಾ ಕೂಸೇ, ನೀನು ಕೇಳು.”

ಕಣದ ತುಂಬ ನಗು. ನಾನು ನೆರಳಿಗೆ ಹೋದೆ, ಅಲ್ಲಿಂದ ಮೇಲ್ವಿಚಾರಣೆ ಚೆನ್ನಾಗಿ ನಡೆಯುತ್ತದೆ.

ನಯನ ಅವರ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಕೈ ಬೆರಳು, ಬೆನ್ನು, ಕಣ್ಣಿಗೆ ಸಿಡಿಯುವ ಚಿಪ್ಪಿನ ಚೂರು, ಎಲ್ಲ ಕೇಳಿದಳು. ಅವರೂ ತಡೆಯಿಲ್ಲದೆ ಹೇಳಿದರು. ಮಾತಿನ ಮಧ್ಯೆ ಅಲ್ಲಲ್ಲಿ ಕೈ ಜಾರುತ್ತಲೇ ಇತ್ತು, ದವಡೆ ಆಡುತ್ತಲೇ ಇತ್ತು. ಜಗಲಿಯ ಮೇಲೆ ಶ್ರೀರಂಗಯ್ಯ ಕೆಮ್ಮುತ್ತಲೇ ಇದ್ದರು. ಬಿಸಿಲು ಹೇಗಿತ್ತೆಂದರೆ, ನನ್ನ ನೆರಳು ಕೂಡ ನನ್ನ ಕೆಳಗೆ ಬಂದು ಅವಿತುಕೊಂಡಿತ್ತು. ನಯನ ತನ್ನ ದೊಡ್ಡ ಬಾಟಲಿಯ ನೀರನ್ನು ಒಬ್ಬೊಬ್ಬರಿಗೂ ಚಾಚಿದಳು.

“ಬ್ಯಾಡ ಕಣವ್ವ.”

“ಈಗ ಬ್ಯಾಡ ಮಗಾ, ನೀನು ಕುಡಿ.”

ಒಬ್ಬಳೂ ಮುಟ್ಟಲಿಲ್ಲ. ನಾನು ತಕ್ಷಣ ಒಂದು ಸಿದ್ಧಾಂತ ಮಂಡಿಸಿದೆ. “ನಯನಾ, ಬರ್ಕೋ. ತೆಂಗಿನ ಸೀಮೆಯ ಹೆಂಗಸರ ಮೈಯಲ್ಲಿ ಹರಿಯೋದು ಎಳನೀರು. ಅವರಿಗೆ ಬಾಯಾರಿಕೆ ಆಗೋದೇ ಇಲ್ಲ.” ಅವಳು ಬರೆದುಕೊಳ್ಳಲಿಲ್ಲ. ಬಾಟಲಿಯನ್ನು ತಾನೇ ಖಾಲಿ ಮಾಡಿದಳು.

ಆಮೇಲೆ ಆಗಬೇಕಾದ್ದು ಆಯಿತು. ಸ್ವಲ್ಪ ಹೊತ್ತಿಗೆ ಅವಳು ಕೂತಲ್ಲೇ ಮಿಸುಕಾಡಿದಳು. ಪ್ರಶ್ನೆ ಕೇಳುವ ವೇಗ ಕಡಿಮೆಯಾಯಿತು. ಕೊನೆಗೆ ಪುಟ್ಟಗಂಗಮ್ಮನ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದಳು. ಪುಟ್ಟಗಂಗಮ್ಮನಿಗೆ ಪಿಸುಮಾತು ಎಂಬುದು ಗೊತ್ತೇ ಇಲ್ಲ.

“ಎಲ್ಲೈತೆ ಅಂತ ಕೇಳ್ತೀಯಾ? ಇಲ್ಲ ಕಣವ್ವ! ಅದಕ್ಕೇ ಅಲ್ವೇನೇ ನಾವು ನೀರು ಮುಟ್ಟದೇ ಇರೋದು!”

“ತೋಟ ಐತಲ್ಲ, ಅಷ್ಟು ದೊಡ್ಡದು?” ಎಂದಳು ನಯನ.

“ತೋಟದಾಗೆ ಏನು ಮರೆ ಐತೆ? ಮರ ಅಂದ್ರೆ ಕಂಬ ನೆಟ್ಟಂಗೆ. ಅತ್ಲಾಗೆ ಕಾಯಿ ಸುಲಿಯೋರವ್ರೆ. ಸರಿ, ಒಂದು ಬದುವಿನ ಹಿಂದ್ಗಡೆ ಹೋದೆ ಅಂತ ಇಟ್ಕೋ. ತಲೆ ಎತ್ತಿದ್ರೆ ಮರದ ಮ್ಯಾಗೆ ಕಾಯಿ ಕೆಡವೋನು ಕೂತವ್ನೆ! ಕೆಳಗ್ಲಿಂದ ಮರೆ ಸಿಕ್ರೂ ಮೇಲ್ಗಡೆಯಿಂದ ಮರೆ ಇಲ್ಲ ಮಗಾ ನಮ್ಮ ಸೀಮೇಲಿ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ನಯನ ನಗಲಿಲ್ಲ.

“ಹಂಗಾರೆ ಬೆಳಿಗ್ಗೆಯಿಂದ?”

“ಮನೇಲಿ ಮುಗಿಸ್ಕೊಂಡು ಬಂದ್ರೆ ಮತ್ತೆ ಮನೇಗೆ ಹೋದ್ಮೇಲೇ. ನೀರು ಕುಡುದ್ರೆ ತಾನೇ ತಾಪತ್ರಯ? ಬಾಯಿ ಒಣಗಿದ್ರೆ ಒಂದು ಚೂರು ಕೊಬ್ರಿ ದವಡೆಗಿಟ್ಕೋತೀವಿ. ಜೊಲ್ಲು ಬತ್ತದೆ, ಸಂಜೆ ಆಯ್ತದೆ.”

ಪಕ್ಕದಲ್ಲಿ ಅಷ್ಟು ಹೊತ್ತೂ ಸುಮ್ಮನಿದ್ದ ಹೆಂಗಸೊಬ್ಬಳು ಮಚ್ಚು ಕೆಳಗಿಟ್ಟು, “ಉರಿಯೂ ಐತೆ ಕಣವ್ವ, ಎಲ್ರಿಗೂ” ಎಂದಳು. “ಹೋದ ಸಲ ಆಸ್ಪತ್ರೇಲಿ ಕಿಡ್ನಿ ಕಲ್ಲು ಆಗೈತೆ ಅಂದ್ರು ನಂಗೆ. ನೀರು ಕುಡೀರಿ ಅಂತಾರೆ ಡಾಕ್ಟ್ರು. ಕುಡ್ದು ಎಲ್ಲಿಗೋಗನ?”

ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಮನೆ ಬಾಗಿಲಲ್ಲಿ ಕಲ್ಲಿನಂತಿದ್ದವರೂ ಹೇಳಿದರು. ನಯನ ಒಂದೇ ಸಮನೆ ಬರೆದಳು. ನನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರಶ್ನಾವಳಿಗಳಲ್ಲಿ ಆಕಾಶದಿಂದ ಪಾತಾಳದವರೆಗೆ ಎಲ್ಲ ಪ್ರಶ್ನೆಯೂ ಇತ್ತು, ಇದೊಂದನ್ನು ನಾನು ಬೇಕೆಂದೇ ಅವಳ ಪಾಲಿಗೆ ಬಿಟ್ಟಿದ್ದೆ ಎಂದು ಈಗ ಅನಿಸುತ್ತದೆ.

ಅವಳ ತುರ್ತು ಮಾತ್ರ ಹಾಗೇ ಇತ್ತು. ಕೊನೆಗೆ ಅವಳು ಎದ್ದು ಶ್ರೀರಂಗಯ್ಯನವರ ಮನೆಯ ಹಿತ್ತಲ ಬಾಗಿಲು ತಟ್ಟಿದಳು. ಅವರ ಮನೆಯಾಕೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಬೀಗರು ಬಂದಾಗ ಮಾತ್ರ ತೆಗೆಯುವ ಟೈಲ್ಸ್ ಬಾತ್‌ರೂಮಿನ ಬೀಗ ತೆಗೆದುಕೊಟ್ಟರು. ಹೊರಗೆ ಬಂದ ನಯನ ಅವರ ಹತ್ತಿರ ಏನು ಮಾತಾಡಿದಳೋ, ನನಗೆ ಕೇಳಿಸಲಿಲ್ಲ. ತುಂಬ ಹೊತ್ತು ಮಾತಾಡಿದಳು.

ಸಂಜೆ ಸಹಿಗೆ ಹೋದೆವು. ಶ್ರೀರಂಗಯ್ಯ ಪೆನ್ನು ತೆಗೆದವರು, “ಏನೇನು ಬರಕೊಂಡೆ ಓದವ್ವ” ಎಂದರು. ನಯನ ಓದಿದಳು. ಶೌಚಾಲಯ ಇಲ್ಲ ಎಂಬಲ್ಲಿಗೆ ಬಂದಾಗ ಪೆನ್ನು ಜೇಬಿಗೆ ವಾಪಸ್ ಹೋಯಿತು.

“ನಮ್ಮಪ್ಪನ ಕಾಲದಿಂದ ಈ ಕಣ ಐತೆ. ಯಾವಳೂ ಇಲ್ಲ ಅಂದಿಲ್ಲ. ಅದನ್ನ ಬರೆದ್ರೆ ನಾನು ಸಹಿ ಹಾಕಲ್ಲ. ಹೊಡೆದಾಕು.”

ನಾನು ನಯನಳನ್ನು ಪಕ್ಕಕ್ಕೆ ಕರೆದೆ. “ಒಂದು ಸಾಲು ತಾನೇ? ತೆಗೆದಾಕು. ನಾನು ಇಡೀ ಸಮುದ್ರ ಇಟ್ಟಿದ್ದೆ, ನೀನು ಒಂದು ಸಾಲು ತೆಗೆಯಕ್ಕಾಗಲ್ವಾ?”

“ಅದನ್ನ ತೆಗೆದ್ರೆ ಉಳಿಯೋದೇನು ಮಾವ? ಬೆನ್ನು ನೋವು ಎಲ್ಲಾ ಪೇಪರಲ್ಲೂ ಐತೆ. ನಿನ್ನ ಕಂಪ್ಯೂಟರಲ್ಲೂ ಐತೆ.” ಅವಳ ಕಣ್ಣಲ್ಲಿ ನೀರಾಡುತ್ತಿತ್ತು. “ಸಹಿ ಇಲ್ದೆ ಮೇಡಂ ಬಿಡಲ್ಲ. ಇದಿಲ್ದೆ ನಾನು ಬಿಡಲ್ಲ.”

ಈ ಹುಡುಗಿ ಹೀಗೆ ನಿಂತುಕೊಂಡರೆ ವರ್ಷ ಹೋದಂತೆಯೇ. ನನಗೂ ಮಾತು ಹೊರಡಲಿಲ್ಲ. ಇದು ನನ್ನ ಜನ್ಮದಲ್ಲಿ ಎರಡನೇ ಸಲ, ಮೊದಲನೇದು ಹುಟ್ಟಿದಾಗ.

ಆಗ ನಯನ ತಿರುಗಿ ಶ್ರೀರಂಗಯ್ಯನವರ ಮುಂದೆ ನಿಂತಳು. “ತಾತ, ಅವ್ರು ಕೊಬ್ರಿ ಯಾಕೆ ತಿಂತಾರೆ ಗೊತ್ತಾ?”

“ಆಸೆಗೆ ಕಣವ್ವ. ಹೆಣ್ಣುಮಕ್ಕಳ ನಾಲಿಗೆ.”

“ನೀರು ಕುಡಿಯಂಗಿಲ್ಲ, ಬಾಯಿ ಒಣಗುತ್ತೆ, ಅದಕ್ಕೆ. ಹೋಗೋಕೆ ಜಾಗ ಇದ್ರೆ ನೀರು ಕುಡೀತಾರೆ. ನೀರು ಕುಡಿದ್ರೆ ಕೊಬ್ರಿ ಮುಟ್ಟಲ್ಲ.”

“ಕಥೆ ಹೇಳ್ಬ್ಯಾಡ.”

ಇಲ್ಲಿ ನನ್ನ ನಾಲಿಗೆ ವಾಪಸ್ ಬಂತು. “ಶ್ರೀರಂಗಯ್ಯನೋರೆ, ನಿಮ್ಮಪ್ಪನ ಕಾಲದಿಂದ ಅವ್ರು ತಿಂದ ಕೊಬ್ರಿ ರಾಶಿ ಹಾಕಿದ್ರೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರೀನೇ ಅದರಡಿ ಮುಚ್ಚೋಗ್ತದೆ. ಆ ದುಡ್ಡಲ್ಲಿ ನೀವು ಶೌಚಾಲಯ ಅಲ್ಲ, ವಿಧಾನಸೌಧ ಕಟ್ಟಬಹುದಿತ್ತು!”

ಅವರು ಏನೋ ಅನ್ನುವಷ್ಟರಲ್ಲಿ ಒಳಗಿನಿಂದ ಅವರ ಮನೆಯಾಕೆ ಬಂದರು. ಸೆರಗಿನ ತುದಿಯಲ್ಲಿ ಟೈಲ್ಸ್ ಬಾತ್‌ರೂಮಿನ ಬೀಗದ ಕೈ ಗಂಟು ಹಾಕಿತ್ತು. “ನಾಳೆ ಒಂದಿನ ನಮ್ಮದನ್ನ ತೆಗೆದಿಡ್ತೀನಿ. ಎಲ್ರೂ ಬರ್ಲಿ, ಹೋಗ್ಲಿ. ಕೊಬ್ರಿ ಎಷ್ಟು ಹೋಳಾಗ್ತದೋ ನೀವೇ ನೋಡ್ರೀ. ಈ ಮನೇಗೆ ಸೊಸೆಯಾಗಿ ಬಂದಾಗ ನಾನೂ ಅದೇ ಕಣದಾಗೆ ಕೂತು ಒಡೆದೋಳು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”

“ನಾಳೆ ಒಂದೇ ದಿನ” ಎಂದು ಶ್ರೀರಂಗಯ್ಯ ಎದ್ದು ಒಳಗೆ ಹೋದರು.

ಮಾರನೇ ದಿನ ಕಣದ ಮಧ್ಯೆ ಒಂದು ಹಂಡೆ ನೀರು. ಮೊದಲು ಹೆಂಗಸರು ನಾಚಿದರು. ಪುಟ್ಟಗಂಗಮ್ಮ ಎದ್ದು, ಒಂದು ಚೊಂಬು ಎತ್ತಿ ಗಟಗಟ ಕುಡಿದು, ರಾಣಿಯ ಹಾಗೆ ಹಿತ್ತಲ ಬಾಗಿಲಿಗೆ ನಡೆದಳು. ವಾಪಸ್ ಬಂದವಳು, “ಅಯ್ಯೋ, ಗೋಡೆ ಮ್ಯಾಗೆಲ್ಲ ಹೂ ಬಿಟ್ಟೈತೆ ಕಣ್ರೇ, ಹೋಗಿ ನೋಡ್ಕೊಂಡಾದ್ರೂ ಬನ್ನಿ!” ಎಂದಳು. ಆಮೇಲೆ ಹಂಡೆ ಎಷ್ಟು ಸಲ ತುಂಬಿತೋ. ಅವತ್ತು ಹೊನ್ನವಳ್ಳಿಯ ಬೋರ್‌ವೆಲ್ಲುಗಳೆಲ್ಲ ಒಂದಡಿ ಇಳಿದವು ಎಂದರೆ ನೀವು ನಂಬಬೇಕು.

ಸಂಜೆ ಶ್ರೀರಂಗಯ್ಯ ಕಣಕ್ಕಿಳಿದು ಹೋಳಿನ ಬುಟ್ಟಿ ನೋಡಿದರು. ತಳ ಕಾಣುತ್ತಿತ್ತು. ಉಂಡೆಗಳ ರಾಶಿ ಹುಣ್ಣಿಮೆಯ ಚಂದ್ರರನ್ನು ಗುಡ್ಡೆ ಹಾಕಿದ ಹಾಗಿತ್ತು. ಬುಟ್ಟಿಯನ್ನು ಎತ್ತಿ, ತಿರುಗಿಸಿ, ಮತ್ತೆ ಇಟ್ಟರು.

“ಇವತ್ತು ಯಾಕೆ, ಕೈ ಜಾರಲಿಲ್ವಾ?” ಎಂದರು.

“ಬಾಯಿ ಒದ್ದೆ ಇದ್ರೆ ಕೈ ಗಟ್ಟಿ ಯಜಮಾನ್ರೆ,” ಎಂದಳು ಪುಟ್ಟಗಂಗಮ್ಮ. “ಒಂದೇ ಒಂದು ಚೂರು ತಿಂದೆ. ಅದು ಬಾಯಾರಿ ಅಲ್ಲ, ರುಚಿಗೆ. ನಿಮ್ಮ ಕೊಬ್ರಿ ಚೆನ್ನಾಗೈತೆ.”

ಶ್ರೀರಂಗಯ್ಯ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ವ್ಯಾಪಾರಿ ವ್ಯಾಪಾರಿಯೇ. ನಯನಳನ್ನು ಕರೆದು, “ಸಹಿ ಹಾಕ್ತೀನಿ. ಆದ್ರೆ ಕಣದಾಗೆ ಶೌಚಾಲಯ ಐತೆ ಅಂತ ಬರಿ. ಆಮ್ಯಾಕೆ ಯಾವಾಗ್ಲಾದ್ರೂ ಕಟ್ತೀನಿ” ಎಂದರು.

ನಾನಾಗಿದ್ದರೆ ಅಲ್ಲೇ ಬರೆದು, ಪಕ್ಕದಲ್ಲೊಂದು ಈಜುಕೊಳವನ್ನೂ ಸೇರಿಸುತ್ತಿದ್ದೆ. ನಯನ ಪೆನ್ನಿನ ಮುಚ್ಚಳ ಹಾಕಿದಳು.

“ಕಟ್ಟಿ ತಾತ, ಬರೀತೀನಿ. ಅಲ್ಲಿವರ್ಗೂ ಇಲ್ಲ ಅಂತಾನೇ ಇರುತ್ತೆ. ನಮ್ಮ ಮೇಡಂ ನೋಡಕ್ಕೆ ಬರೋದು ಶುಕ್ರವಾರ.”

ನನ್ನ ಇಷ್ಟು ವರ್ಷದ ಅನುಭವದಲ್ಲಿ, ಇರುವುದಕ್ಕೆ ಸರಿಯಾಗಿ ಪೇಪರು ಬರೆದವರನ್ನೇ ನಾನು ಕಂಡಿರಲಿಲ್ಲ. ಪೇಪರಿಗೆ ಸರಿಯಾಗಿ ಗೋಡೆ ಎದ್ದದ್ದನ್ನಂತೂ ಲೋಕವೇ ಕಂಡಿರಲಿಲ್ಲ. ಮಾರನೇ ಬೆಳಿಗ್ಗೆಯೇ ಗಾರೆಯವರು ಬಂದರು. ಇಟ್ಟಿಗೆ ಬಂತು, ಬಾಗಿಲು ಬಂತು. ಪುಟ್ಟಗಂಗಮ್ಮ ಪಾಯದ ಹತ್ತಿರ ನಿಂತು, “ಮ್ಯಾಲೆ ಶೀಟು ಮೊದ್ಲು ಹಾಕ್ರಪ್ಪ, ಮರದ ಮ್ಯಾಗಳ ಕಣ್ಣು ಮರೀಬ್ಯಾಡಿ” ಎಂದು ಗದರಿಸುತ್ತಿದ್ದಳು. ನೀರಿನ ಪೈಪು ಎಳೆದವನು ನಾನೇ. ತೋಟದ ತೊಟ್ಟಿಯಿಂದ ಕಣದವರೆಗೆ ಆ ಪೈಪಿನ ಒಂದು ತುದಿಯನ್ನು ನಾನು ಹಿಡಿದುಕೊಂಡು ನಿಲ್ಲದಿದ್ದರೆ ಇಡೀ ಯೋಜನೆ ಕುಸಿದುಬೀಳುತ್ತಿತ್ತು. ಬಾಗಿಲು ಕೂತ ಮೇಲೆ ನಯನ ‘ಮೊದಲು ಶೌಚಾಲಯ ಇರಲಿಲ್ಲ, ಈಗ ಇದೆ’ ಎಂದು ಬರೆದಳು, ಶ್ರೀರಂಗಯ್ಯ ಸಹಿ ಹಾಕಿದರು.

ಶುಕ್ರವಾರ ವನಜಾಕ್ಷಿ ಮೇಡಂ ತಿಪಟೂರಿನಿಂದ ಬಸ್ಸಿನಲ್ಲಿ ಬಂದರು. ಬಸ್ಸು ಎಲ್ಲ ಕಡೆಯೂ ನಿಂತು, ರಸ್ತೆಯ ಎಲ್ಲ ಗುಂಡಿಗೂ ನಮಸ್ಕಾರ ಹಾಕಿ ಬಂದಿತ್ತು. ಶ್ರೀರಂಗಯ್ಯನವರ ಮನೆಯಾಕೆ ಎಳನೀರು ಕೊಟ್ಟರು. ಮೇಡಂ ಕುಡಿದರು. ನಯನಳ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಓದಲು ಶುರು ಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅವರೂ ಕೂತಲ್ಲೇ ಮಿಸುಕಾಡಿದರು. ಸುತ್ತ ನೋಡಿದರು. ನಯನಳ ಕಡೆಗೆ ಬಗ್ಗಿದರು.

“ಬನ್ನಿ ಮೇಡಂ,” ಎಂದಳು ನಯನ, “ಪೇಪರಲ್ಲಿ ಮುಂದಿನ ಪುಟದಲ್ಲೈತೆ, ಇಲ್ಲಿ ಎಡಗಡೆಗೈತೆ.”

ಹೆಂಗಸರು ಮಚ್ಚು ನಿಲ್ಲಿಸಿ ಉಸಿರು ಹಿಡಿದು ಕೂತರು. ಹಾಡು ನಿಂತರೂ ಜಗಲಿಯ ಮೇಲಿಂದ ಕೆಮ್ಮು ಬರಲಿಲ್ಲ. ಮೇಡಂ ಹೊರಗೆ ಬಂದರು, ಕೈ ತೊಳೆದರು, ಸೆರಗಿನಲ್ಲಿ ಒರೆಸಿಕೊಂಡರು. ಬಂದು ಕೂತು ಉಳಿದ ಪುಟಗಳನ್ನು ನಿಧಾನವಾಗಿ ಓದಿದರು. ಶ್ರೀರಂಗಯ್ಯನವರ ಸಹಿ ನೋಡಿದರು. ಅದರ ಕೆಳಗೆ ತಮ್ಮದನ್ನೂ ಹಾಕಿದರು.

“ಪಾಸಾ ಮೇಡಂ?” ಎಂದು ಕೇಳಿದವಳು ನಯನ ಅಲ್ಲ, ಪುಟ್ಟಗಂಗಮ್ಮ.

“ಪಾಸು. ಇನ್ನು ಮೇಲೆ ಇವಳನ್ನ ಬೀಚ್ ನಯನ ಅಂದೋರನ್ನ ನಾನು ಫೇಲ್ ಮಾಡ್ತೀನಿ.”

ಮಚ್ಚುಗಳೆಲ್ಲ ಒಟ್ಟಿಗೆ ಚಿಪ್ಪಿನ ಮೇಲೆ ಬಿದ್ದವು. ನಯನ ಓಡಿಹೋಗಿ ಪುಟ್ಟಗಂಗಮ್ಮನನ್ನು ಅಪ್ಪಿಕೊಂಡಳು, ಆಕೆಯ ಕೈಯಲ್ಲಿ ಮಚ್ಚಿದ್ದದ್ದನ್ನೂ ಲೆಕ್ಕಿಸದೆ. ಆಗ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ನಯನಾ, ಇವರೇನಾ ನಿಮ್ಮ ಮಾವ? ಸಮುದ್ರದವರು?”

ನಾನು ಷರ್ಟಿನ ಕಾಲರು ಸರಿಮಾಡಿಕೊಂಡೆ. “ಹೌದು ಮೇಡಂ. ಸಮುದ್ರ ಇಲ್ಲಿಗೆ ಬರೋದು ಸ್ವಲ್ಪ ತಡ ಆಗುತ್ತೆ. ಸದ್ಯಕ್ಕೆ ಒಂದು ನಲ್ಲಿವರೆಗೂ ತಂದಿದ್ದೀನಿ. ತಿರುಗಿಸಿ ನೋಡಿದ್ರಲ್ಲ, ಹೆಂಗ್ ಬತ್ತೈತೆ ನೀರು?”